ಸಾಹೇಬರು ಕೊನೆಗೆ ಉಣ್ಣುತ್ತಿದ್ದರು

ನಮ್ಮ ಮಾವನವರ ಯುದ್ಧವನ್ನು ನಾನು ಅಡುಗೆಮನೆಯಲ್ಲಿ ನಿಂತೇ ಕೇಳಿದವಳು. ಮದುವೆಯಾಗಿ ಇಟ್ಟಮಡುವಿನ ಈ ಮನೆಗೆ ಬಂದಾಗಿನಿಂದ ಅವರು ನಡುಮನೆಯಲ್ಲಿ ಕೂತು ಹೇಳುವುದು, ನಾನು ಸೊಪ್ಪು ಬಿಡಿಸುತ್ತಲೋ ಪಾತ್ರೆ ತೊಳೆಯುತ್ತಲೋ ಹ್ಞೂಂ ಅನ್ನುವುದು. ನಲ್ಲಿ ನೀರಿನ ಸದ್ದಿನಲ್ಲಿ ಅರ್ಧ ಕೇಳುತ್ತಿತ್ತು, ಅರ್ಧ ಇಲ್ಲ. ಹೇಗಿದ್ದರೂ ಮಾರನೇ ದಿನ ಮತ್ತೆ ಹೇಳುತ್ತಿದ್ದರು.

ಮಾವ ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ಅವರ ದಂಡನಾಯಕರ ಹೆಸರು ದೇಶಕ್ಕೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಮಾತ್ರ ಅವರು ಬರೀ ‘ಸಾಹೇಬರು’. ದೇವರ ಮನೆಯ ಪಕ್ಕದ ಗೋಡೆಯಲ್ಲಿ ಅವರ ಫೋಟೊ ಇದೆ. ಹಬ್ಬ ಬಂದರೆ ಅದಕ್ಕೂ ಒಂದು ಹೂವು ಸಿಕ್ಕಿಸಬೇಕು.

"ದೇವ್ರಿಗೇ ಸಾಲ್ದು ಮಾವ," ಅಂದರೆ, "ದೇವ್ರು ಅಡ್ಜಸ್ಟ್ ಮಾಡ್ಕೊತಾನೆ ಬಿಡಮ್ಮ, ಸಾಹೇಬ್ರು ಮಾಡ್ಕೊಳ್ತಿರ್ಲಿಲ್ವಾ?" ಅನ್ನುತ್ತಿದ್ದರು.

ಸಾಹೇಬರು ಹಿಮದ ಕಣಿವೆಯಲ್ಲಿ ಚಳಿಗಾಲ ಕಳೆದು ತಮ್ಮ ಪಡೆಯನ್ನು ಉಳಿಸಿಕೊಂಡದ್ದು ಮಾವ ಸೇನೆ ಸೇರುವ ಮುಂಚಿನ ಕಥೆ. ಮಾವ ಕಣ್ಣಾರೆ ಕಂಡದ್ದು ನದಿಗಳ ಯುದ್ಧ. ಒಂದು ನದಿ ದಾಟಿದರೆ ಇನ್ನೊಂದು ನದಿ, ಕಾಲಿಟ್ಟಲ್ಲೆಲ್ಲ ಕೆಸರು. ಶತ್ರುಗಳು ಸೇತುವೆ ಒಡೆದುಹಾಕಿದ್ದ ಕಡೆ ಸಾಹೇಬರು ಬೂಟು ಬಿಚ್ಚಿ, ಲೇಸು ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡು, ಎದೆಮಟ್ಟದ ನೀರಿಗೆ ತಾವೇ ಮೊದಲು ಇಳಿದರಂತೆ. ಆಮೇಲೆ ಯಾರನ್ನೂ ಕೂಗಿ ಕರೆಯಬೇಕಾಗಲಿಲ್ಲವಂತೆ. ಆಚೆ ದಡದಲ್ಲಿ ಒಲೆ ಹೊತ್ತಿಸಿದಾಗ ಒದ್ದೆ ಬಟ್ಟೆಯಲ್ಲೇ ಪಾತ್ರೆಯ ಪಕ್ಕ ನಿಂತು ಪ್ರತಿಯೊಬ್ಬ ಸಿಪಾಯಿಯ ತಟ್ಟೆ ನೋಡಿದರು. ಎಲ್ಲರದೂ ಆದ ಮೇಲೆ ತಳ ಹಿಡಿದ ಖಿಚಡಿ ಅವರ ಪಾಲಿಗೆ ಬಂತು.

"ನೀರಿಗೆ ಮೊದ್ಲು, ಊಟಕ್ಕೆ ಕೊನೆ. ತೋಳಲ್ಲಿ ಅಧಿಕಾರದ ಪಟ್ಟಿ ಒಂದಿದ್ರೂ ಸಾಕು, ಅವ್ನು ಕೊನೆಗೇ ಉಣ್ಬೇಕು. ಅದು ಸಾಹೇಬ್ರ ಕಾನೂನು." ಕಥೆ ಯಾವಾಗಲೂ ಅಲ್ಲಿಗೆ ಮುಗಿಯುತ್ತಿತ್ತು.

ಹೋದ ವರ್ಷ ಮಾವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮೂಳೆ ಕೂಡಿತು, ದೇವರ ದಯೆ. ಆದರೆ ಹಾಸಿಗೆ ಹಿಡಿದ ಮೇಲೆ ಮನಸ್ಸು ಎಲ್ಲೆಲ್ಲೋ ಅಲೆಯತೊಡಗಿತು. ನನ್ನನ್ನು ಗುರುತು ಹಿಡಿಯುತ್ತಾರೆ, ಅದೂ ದಯೆಯೇ. ಆಮೇಲಾಮೇಲೆ ಊಟ ಬಿಟ್ಟರು. ಚಮಚ ಹತ್ತಿರ ತಂದರೆ ತುಟಿ ಬಿಗಿ. ಮುದ್ದೆಯನ್ನು ಸಾರಿನಲ್ಲಿ ಕದಡಿ ತಂದರೂ ಇಲ್ಲ, ಗಂಜಿಯೂ ಇಲ್ಲ. ನೋಡಿದ ಡಾಕ್ಟರು, "ಹೀಗೇ ಆದ್ರೆ ಮೂಗಿಗೆ ಟ್ಯೂಬ್ ಹಾಕ್ಲೇಬೇಕಮ್ಮ, ಈ ಸೋಮವಾರ ಅಡ್ಮಿಟ್ ಮಾಡಿ," ಅಂದರು. ಟ್ಯೂಬು ಕಿತ್ತುಹಾಕಿದರೆ ಕೈ ಕಟ್ಟಬೇಕಾಗುತ್ತದೆ ಅಂತಲೂ ಹೇಳಿದರು. ಆ ಕೈ ಕಟ್ಟುವ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ನನಗೆ ಗೊತ್ತಿರುವುದು ದೇವರೊಬ್ಬನೇ. ಶನಿವಾರ ಒಪ್ಪತ್ತು ಹಿಡಿದೆ. ಸಂಕಷ್ಟಿಗೆ ಚಂದ್ರ ಕಾಣುವ ತನಕ ಉಪವಾಸ ಮಾಡುತ್ತೇನೆ, ಮಾವನವರ ಗಂಟಲಲ್ಲಿ ಅನ್ನ ಇಳಿಸಪ್ಪ ಎಂದು ಗಣಪತಿಗೆ ಹರಕೆ ಹೊತ್ತೆ. ಬೇರೆ ದಿನವೂ ಅವರಿಗೆ ತಿನ್ನಿಸದೆ ನಾನು ಉಣ್ಣುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದು ಹಾಗೇ. ಹಿರಿಯರದು ಆಗಬೇಕು, ಆಮೇಲೆ ಯಜಮಾನರದು, ಕೊನೆಗೆ ನನ್ನದು. ತಣ್ಣಗಾದ ಸಾರಿಗೆ ನನ್ನ ನಾಲಿಗೆ ಎಂದೋ ಒಗ್ಗಿಹೋಗಿತ್ತು.

ಆ ಸೋಮವಾರಕ್ಕೆ ಮುಂಚೆ ಸಂಕಷ್ಟಿ ಬಂತು. ಬೆಳಗಿನಿಂದ ನಾನು ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ಮಾವನ ಮಗ್ಗುಲು ಬದಲಿಸಿ, ಬಟ್ಟೆ ಒಗೆದು, ಮಧ್ಯಾಹ್ನ ಅನ್ನ ಕಿವುಚಿ ತಂದು ಕೂತೆ.

"ಎಲ್ರದೂ ಆಯ್ತಾ?" ಅಂದರು. ದಿನಾ ಕೇಳುವ ಮಾತೇ.

"ನಿಮ್ದಾಗ್ಲಿ ಮಾವ, ಆಮೇಲೆ ನಮ್ದು."

ಮುಖ ಗೋಡೆಗೆ ತಿರುಗಿತು. ನನಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ಅಷ್ಟರಲ್ಲಿ ಮಹಡಿಯ ಬಾಡಿಗೆ ಮನೆಯ ಹುಡುಗಿ ಇಳಿದುಬಂದಳು. ವಿಜಯಪುರದ ಕಡೆಯವಳು, ಆಫೀಸಿಗೆ ರಜೆ ಹಾಕಿದ್ದಳು. ಕೈಯಲ್ಲಿ ಬೇಳೆಕಟ್ಟಿನಲ್ಲಿ ನೆನೆಸಿದ ಜೋಳದ ರೊಟ್ಟಿ.

"ಅಕ್ಕಾರ, ಮಾರಿ ಯಾಕ ಹಿಂಗ ಬಾಡೇತ್ರೀ? ಸ್ವಲ್ಪ ಕುಂದರ್ರಿ. ಅಜ್ಜಾರ್ಗೆ ನಾ ಉಣಸ್ತೀನಿ."

ಉಣ್ಣಿಸು ನೋಡೋಣ ಅಂದುಕೊಂಡು ಅಡುಗೆಮನೆಗೆ ಹೋದೆ. ಒಳಗಿನಿಂದ ಮಾತು ಕೇಳುತ್ತಿತ್ತು.

"ನಿಂದಾಯ್ತಾ?"

"ನಂದು ಯಾವಾಗೋ ಆಗೇತ್ರೀ ಅಜ್ಜಾರ! ಎರಡು ರೊಟ್ಟಿ ಹೊಡದೇ ಬಂದೇನಿ. ಹೊಟ್ಟಿ ನೋಡ್ರಿ, ನಗಾರಿ ಆಗೇತಿ."

ಇಣುಕಿದರೆ ಮಾವ ಬಾಯಿ ತೆರೆದಿದ್ದಾರೆ! ಒಂದು ತುತ್ತು, ಅದರ ಹಿಂದೆ ಇನ್ನೊಂದು. ನನಗೆ ಸಂತೋಷವಾಗಬೇಕಿತ್ತು. ಆದರೆ ಇಷ್ಟು ವರ್ಷ ಬೇಯಿಸಿ ಹಾಕಿದ ನನ್ನ ಕೈಯ ಅನ್ನ ಬೇಡ, ನಿನ್ನೆ ಮೊನ್ನೆ ಬಂದವಳ ರೊಟ್ಟಿ ಬೇಕಾಯಿತೇ ಅನ್ನಿಸಿತು. ನಲ್ಲಿ ತಿರುಗಿಸಿ ಸಿಂಕಿನ ಮುಂದೆ ನಿಂತೆ. ನೀರು ಪಾತ್ರೆಗೆ ಬೀಳುವ ಆ ಸದ್ದಿಗೆ, ಅದೇ ಜಾಗದಲ್ಲಿ ನಿಂತು ಕೇಳಿದ ಕಥೆ ನೆನಪಾಯಿತು. ನೀರಿಗೆ ಮೊದಲು, ಊಟಕ್ಕೆ ಕೊನೆ.

ಅವರು ಹಟ ಮಾಡುತ್ತಿರಲಿಲ್ಲ. ತಮ್ಮ ಸರದಿಗೆ ಕಾಯುತ್ತಿದ್ದರು. ಹುಡುಗಿ ತನ್ನದಾಯಿತು ಅಂದ ಮೇಲೇ ಬಾಯಿ ತೆರೆದಿದ್ದರು. ತೋಳಲ್ಲಿ ಪಟ್ಟಿ ಇದ್ದ ಹವಾಲ್ದಾರರು, ಮನೆಯವರು ಹಸಿದಿರುವಾಗ ಹೇಗೆ ಉಣ್ಣುತ್ತಾರೆ? ನಾನು ಅವರಿಗಾಗಿ ಉಪವಾಸ ಕೂತಷ್ಟೂ ಅವರು ನನಗಾಗಿ ಉಪವಾಸ ಕೂತಿದ್ದರು.

ದೇವರ ಮನೆಗೆ ಹೋಗಿ ಗಣಪತಿಗೆ ಕೈ ಮುಗಿದೆ. "ಚಂದ್ರ ಇನ್ನೂ ಬಂದಿಲ್ಲ, ಗೊತ್ತಪ್ಪ. ಹೊಟ್ಟೆಗೆ ಹಾಕ್ಕೋ," ಅಂದೆ. ತಟ್ಟೆಗೆ ಬಿಸಿ ಅನ್ನ, ಸಾರು ಬಡಿಸಿಕೊಂಡು ಮಾವನವರ ಎದುರಿಗೇ ಕುರ್ಚಿ ಎಳೆದು ಕೂತೆ. ಮಾವನ ಮುಂದೆ ಕುರ್ಚಿಯಲ್ಲಿ ಕೂತು ಉಂಡದ್ದು ಅದೇ ಮೊದಲು. ಮೊದಲ ತುತ್ತು ನುಂಗುವುದಕ್ಕೇ ಕಷ್ಟವಾಯಿತು. ಆಮೇಲೆ ಹಸಿವು ನಾಚಿಕೆಯನ್ನು ನುಂಗಿತು. ಮಾವ ಒಂದೊಂದು ತುತ್ತನ್ನೂ ನೋಡುತ್ತಿದ್ದರು.

"ತಟ್ಟೆ ತೋರ್ಸು," ಅಂದರು. ತೋರಿಸಿದೆ.

"ಅಂಗಡಿಯೋನ್ದು?"

ಅಂಗಡಿಯೋನು ಅಂದರೆ ನಮ್ಮ ಯಜಮಾನರು. ಇಲ್ಲೇ ಪಕ್ಕದ ಶ್ರೀನಗರದಲ್ಲಿ ನಮ್ಮದು ಪಾತ್ರೆ ಅಂಗಡಿ. ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

"ರೀ, ಊಟ ಆಯ್ತಾ? ಅಪ್ಪ ಕೇಳ್ತಿದಾರೆ."

"ಇಲ್ಲ ಕಣೇ, ಗಿರಾಕಿ ಇದಾರೆ. ಅಪ್ಪಂದು ಮೊದ್ಲು..."

"ನೀವು ಮೊದ್ಲು ಡಬ್ಬಿ ತೆಗೀರಿ. ಗಿರಾಕಿ ಕಾಯ್ಲಿ."

ಏನು ತಿಳಿಯಿತೋ, ಸ್ವಲ್ಪ ಹೊತ್ತಿಗೆ ಬಾಯಲ್ಲಿ ಅನ್ನ ಇಟ್ಟುಕೊಂಡೇ, "ತಿಂತಾ ಇದೀನಪ್ಪಾ," ಅಂದರು. ಮಾವ ಸಮಾಧಾನದಿಂದ ತಲೆಯಾಡಿಸಿದರು. ನಾನು ಚಮಚ ಎತ್ತಿದೆ. ನನ್ನ ಕೈಯಿಂದ ನಾಲ್ಕೈದು ತುತ್ತು ಉಂಡರು. ಮಹಡಿಯ ಹುಡುಗಿ ಬಾಗಿಲಲ್ಲೇ ನಿಂತು ಚೂಡಿದಾರದ ವೇಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಸೋಮವಾರ ಅಡ್ಮಿಟ್ ಮಾಡಲಿಲ್ಲ. ಡಾಕ್ಟರು ಮನೆಯಲ್ಲೇ ನೋಡೋಣ ಅಂದರು. ಅವರು ಉಣ್ಣುವುದು ಈಗಲೂ ಕಮ್ಮಿಯೇ, ರಟ್ಟೆ ನನಗೆ ಈಗಲೂ ನೋಯುತ್ತದೆ. ಮಗ್ಗುಲು ಬದಲಿಸುವುದು, ಒಗೆಯುವುದು ಯಾವುದೂ ತಪ್ಪಿಲ್ಲ. ಸಂಕಷ್ಟಿಯ ಹರಕೆಯನ್ನು ಗಣಪತಿಗೇ ಹೇಳಿ ಬಿಟ್ಟಿದ್ದೇನೆ. ಅಂದು ಗುಡಿಗೆ ಗರಿಕೆ ಕೊಟ್ಟು ಬರುತ್ತೇನೆ, ಅಷ್ಟೆ. ದಿನಾ ಮಧ್ಯಾಹ್ನ ಹಬೆಯಾಡುವ ಅನ್ನ ಬಡಿಸಿಕೊಂಡು ಅದೇ ಕುರ್ಚಿಯಲ್ಲಿ ಕೂರುತ್ತೇನೆ. ಮಾವ ಮಂಚದಿಂದ ನೋಡುತ್ತಿರುತ್ತಾರೆ. ಬೇಗ ಬೇಗ ಉಂಡೆನಾದರೆ ಗದರುತ್ತಾರೆ, "ನಿಧಾನಕ್ಕೆ ತಿನ್ನಮ್ಮ, ಎಲ್ಲೂ ಓಡಿ ಹೋಗ್ಬೇಕಾಗಿಲ್ಲ."