ಹೊಸ್ತಿಲ ಮೇಲಿನ ನಿಂಬೆಹಣ್ಣು

ನಮ್ಮ ಮನೆಯಲ್ಲಿ ದೆವ್ವಕ್ಕೆ ಹೆದರುವ ಪದ್ಧತಿ ಇಲ್ಲ. ಕೊರಳಲ್ಲಿ ಲಿಂಗ ಇದ್ದ ಮೇಲೆ ಮಾಟ ಮಂತ್ರದ ಮಾತು ಎತ್ತಬಾರದು ಎಂದು ಅಪ್ಪ ಹೇಳುತ್ತಿದ್ದರು. ಅದರ ಮೇಲೆ ನಾನು ವಿಜ್ಞಾನದ ಟೀಚರು. ಮನೆ ಖಾನಾಪುರದಲ್ಲಿ, ಹೈಸ್ಕೂಲು ಬೆಳಗಾವಿಯಲ್ಲಿ. ಇಪ್ಪತ್ತೆರಡು ವರ್ಷ ದಿನಾ ಬಸ್ಸು ಹಿಡಿದು ಹೋಗಿ, ಗ್ರಹಣದ ಹೊತ್ತಿನಲ್ಲಿ ಉಂಡರೆ ಏನೂ ಆಗುವುದಿಲ್ಲ ಎಂದು ಮಕ್ಕಳಿಗೆ ಪಾಠ ಮಾಡಿದವಳು. ಬರೀ ಪಾಠ ಅಲ್ಲ, ಗ್ರಹಣ ಹಿಡಿದಿರುವಾಗಲೇ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಡಬ್ಬಿ ಬಿಚ್ಚಿ ಅವಲಕ್ಕಿ ತಿಂದವಳು. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೋದ ವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಾನು ಮಾಡಿದ್ದನ್ನು ಕೇಳಿದರೆ ನೀವು ನಂಬಲಿಕ್ಕಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಅವತ್ತು ಅಮಾವಾಸ್ಯೆ. ಮಗಳು ಮೊದಲ ಹೆರಿಗೆಗೆಂದು ಬಂದು ಮನೆಯಲ್ಲಿದ್ದಳು, ಎಂಟನೆಯ ತಿಂಗಳು. ಐದೂವರೆಗೆ ಎಂದಿನಂತೆ ಹಾಲಿನ ಮಾವಶಿ ಬಂದಳು. ಅವಳು ಹೊಳೆಯಾಚೆಯ ಗುಡಿಸಲುಗಳಲ್ಲಿ ನಾಲ್ಕು ಎಮ್ಮೆ ಕಟ್ಟಿಕೊಂಡು ಒಬ್ಬಳೇ ಇದ್ದ, ದನ ಮೇಯಿಸುವ ಧನಗರ ಜಾತಿಯ ಮುದುಕಿ, ಎಲ್ಲರ ಬಾಯಲ್ಲೂ ಮಾವಶಿ, ಅಂದರೆ ಚಿಕ್ಕಮ್ಮ. ನಮ್ಮ ಓಣಿಗೆಲ್ಲ ಹತ್ತು ವರ್ಷದಿಂದ ಅವಳದೇ ಹಾಲು. ಉಳಿದವರು ರಾತ್ರಿಯೇ ಕಟ್ಟೆಯ ಮೇಲೆ ಪಾತ್ರೆ ಇಟ್ಟು ಮಲಗುತ್ತಿದ್ದರು, ಆ ಹೊತ್ತಿಗೆ ಎದ್ದು ಬಾಗಿಲು ತೆಗೆಯುತ್ತಿದ್ದವಳು ನಾನೊಬ್ಬಳೇ. ಪಾತ್ರೆ ಸರಿಯಾಗಿ ತೊಳೆದಿಲ್ಲವೆಂದು ನನ್ನನ್ನು ಬೈಯುವ ಅಧಿಕಾರ ಅವಳಿಗೊಬ್ಬಳಿಗೇ ಇತ್ತು. ಮಗಳು ಬಸುರಿ ಎಂದು ತಿಳಿದ ಮೇಲಂತೂ ಅಳತೆ ಮುಗಿದ ಮೇಲೆ ಇನ್ನೊಂದು ಸುರುವು ಸುರುವಿ, "ಇದು ಕೂಸಿಂದು" ಎನ್ನುತ್ತಿದ್ದಳು.

ಆ ದಿನ ಹಾಲು ಹಾಕಿದವಳು ಹೋಗದೆ ನಿಂತಳು.

"ಅಕ್ಕಾರ, ಮಗಳು ಎದ್ದಾಳೇನ್ರಿ?"

"ಇಲ್ಲ ಮಾವಶಿ, ಇನ್ನೂ ಮಲಗ್ಯಾಳ."

"ಮಲಗ್ಲಿ. ಇವತ್ತ ಹೊರಗ ಬಿಡಬ್ಯಾಡ್ರಿ. ಅಮಾಸಿ ಐತಿ."

"ಅಮಾಸಿ ಅಂದ್ರ ಚಂದ್ರ ಕಾಣಂಗಿಲ್ಲ, ಅಷ್ಟ" ಎಂದೆ ನಾನು, ಎಂಟನೆಯ ತರಗತಿಗೆ ಹೇಳುವ ದನಿಯಲ್ಲಿ.

ಅವಳು ನಕ್ಕಳು. ಒಂದು ತಂಬಿಗೆ ನೀರು ಕೇಳಿ ಇಸಿದುಕೊಂಡು ನಮ್ಮ ಹೊಸ್ತಿಲನ್ನು ತೊಳೆದಳು. ಹಾಲು ಚೆಲ್ಲಿರಬೇಕು ಎಂದುಕೊಂಡು ನಾನು ಒಳಗೆ ಹೋದೆ.

ಅರ್ಧ ಗಂಟೆಗೆಲ್ಲ ಓಣಿಯಲ್ಲಿ ಗದ್ದಲ. ಎದುರು ಮನೆಯ ನಿವೃತ್ತ ಕಂಡಕ್ಟರರ ಹೆಂಡತಿ ಬಾಗಿಲು ತೆಗೆದು ಚೀರಿದ್ದರು. ಅವರ ಹೊಸ್ತಿಲ ಮೇಲೆ ಒಂದು ನಿಂಬೆಹಣ್ಣು. ಅದಕ್ಕೆ ಕೆಂಪು ಬಟ್ಟೆಯ ಪಟ್ಟಿ ಬಿಗಿದು ಗಂಟು ಹಾಕಿದ್ದರು. ಮಂಜಿಗೆ ಪಟ್ಟಿಯ ಬಣ್ಣ ಬಿಟ್ಟು ಹಣ್ಣೂ ಹೊಸ್ತಿಲೂ ಕೆಂಪಾಗಿದ್ದವು. ಜೊತೆಗೊಂದು ಚೀಟಿ: 'ನಾಳೆ ನಿಮ್ಮ ಮನೆಗೆ ಬರುತ್ತೇವೆ. ಬಾಗಿಲು ತೆರೆದಿಡಿ.' ಹಿಂಬದಿಗೆ ಅದೇ ಮಾತು ಮರಾಠಿಯಲ್ಲಿ. ಹೆಸರಿಲ್ಲ, ಊರಿಲ್ಲ. ನೋಡಿದರೆ ಪಕ್ಕದ ಮನೆಗೂ ಒಂದು, ಅದರಾಚೆಗೂ ಒಂದು, ಓಣಿಯ ಕೊನೆಯತನಕ.

ಈ ಕಡೆ ಅಮಾವಾಸ್ಯೆಗೆ ನಿಂಬೆಹಣ್ಣಿನಿಂದ ದೃಷ್ಟಿ ತೆಗೆದು ಮೂರು ದಾರಿ ಕೂಡುವಲ್ಲಿ ಇಟ್ಟು ಬರುತ್ತಾರೆ. ಅದನ್ನು ಯಾರೂ ದಾಟುವುದಿಲ್ಲ, ಮುಟ್ಟುವುದಂತೂ ಇಲ್ಲವೇ ಇಲ್ಲ. ಮುಟ್ಟಿದವರಿಗೆ ಆ ಮನೆಯ ಪೀಡೆ ಹತ್ತುತ್ತದೆ ಎಂಬ ನಂಬಿಕೆ. ಇನ್ನು ದಾರಿಯಲ್ಲಿ ಇರಬೇಕಾದದ್ದು ಮನೆಯ ಹೊಸ್ತಿಲಿಗೇ ಬಂದರೆ ಜನ ಏನು ತಿಳಿಯಬೇಕು? ಯಾರೋ ಇಡೀ ಓಣಿಗೆ ಮಾಟ ಮಾಡಿಸಿದ್ದಾರೆ ಎಂದೇ ತಿಳಿದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಹಾಗಾಯಿತು. ಹೊಸ್ತಿಲು ದಾಟುವಂತಿಲ್ಲವೆಂದು ಜನ ಹಿತ್ತಲ ಗೋಡೆ ಹತ್ತಿ ಇಳಿದು ಬೀದಿಗೆ ಬಂದರು. ಮೂವತ್ತು ವರ್ಷ ಬಸ್ಸಿನಲ್ಲಿ ಜನರನ್ನು ಹತ್ತಿಸಿ ಇಳಿಸಿದ ಕಂಡಕ್ಟರರನ್ನು ಅವತ್ತು ಇಬ್ಬರು ಸೇರಿ ಕಿಟಕಿಯಿಂದ ಇಳಿಸಿಕೊಂಡರು. ಒಂದು ಮನೆಯವರು ಪೀಡೆ ಓಡಿಸಲು ಒಣಮೆಣಸಿನಕಾಯಿ ಸುಟ್ಟರು. ಇಡೀ ಓಣಿ ಕೆಮ್ಮತೊಡಗಿತು. ನೋಡಿದಿರಾ, ಕೆಮ್ಮು ಶುರುವಾಯಿತು ಎಂದು ಇನ್ನಷ್ಟು ಹೆದರಿದರು. ಏಳು ಗಂಟೆಗೆ ಫೋನಿನಲ್ಲಿ ಸುದ್ದಿ ಬಂತು: ಹಿಂದಿನ ಓಣಿಯಲ್ಲಿ ಮೂವರು ರಕ್ತ ಕಾರಿದ್ದಾರಂತೆ. ಹಿಂದಿನ ಓಣಿಯವರಿಗೆ ನಮ್ಮ ಓಣಿಯಲ್ಲಿ ಮೂವರು ಕಾರಿದ್ದಾರೆಂದು ಸುದ್ದಿ ಹೋಗಿತ್ತು. ಯಾರಿಗೂ ನೆಗಡಿ ಸಹ ಆಗಿರಲಿಲ್ಲ.

ನಾನು ಬೀದಿಯ ನಡುವೆ ನಿಂತು ಭಾಷಣ ಮಾಡಿದೆ. ನಿಂಬೆಹಣ್ಣಿನಲ್ಲಿ ಹುಳಿ ಬಿಟ್ಟರೆ ಏನೂ ಇಲ್ಲ, ಯಾರೋ ತಮಾಷೆ ಮಾಡಿದ್ದಾರೆ, ಸುಮ್ಮನೆ ಉಪ್ಪಿನಕಾಯಿ ಹಾಕಿರಿ ಎಂದೆ. ಒಂದನ್ನು ಎತ್ತಿ ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಎತ್ತಲಿಲ್ಲ. ಸ್ನಾನವಾಗಿದೆ, ಸಾಲೆಗೆ ಹೊರಡಬೇಕು, ಸೀರೆಗೆ ಬಣ್ಣ ಹತ್ತೀತು ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಆಗ ಕಂಡಕ್ಟರರು ನಮ್ಮ ಮನೆಯ ಕಡೆ ನೋಡಿದರು.

"ಅಕ್ಕಾರ, ಎಲ್ಲಾರ ಮನಿಗೂ ಐತಿ. ನಿಮ್ಮನಿಗೆ ಯಾಕಿಲ್ರಿ?"

ತಿರುಗಿ ನೋಡಿದೆ. ನಮ್ಮ ಹೊಸ್ತಿಲು ತೊಳೆದು ಸ್ವಚ್ಛವಾಗಿತ್ತು. ಸುತ್ತಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ನನ್ನ ಕೈಯಿಂದ ಪ್ರಸಾದ ತಗೊಂಡವರು, ಸಂಜೆ ನಮ್ಮ ಮನೆಗೆ ಬಂದು ನನ್ನ ಕೈಯಲ್ಲಿ ಕಲಿತ ಮಕ್ಕಳ ತಾಯಂದಿರು. ಯಾರೋ ಹಿಂದಿನಿಂದ, "ಭಾಳ ನಗಾಕತ್ತಿದ್ರಲ್ಲ ಅವಾಗಿಂದ" ಎಂದರು. ಒಳಗೆ ಎಂಟು ತಿಂಗಳ ಬಸುರಿ ಮಗಳಿದ್ದಳು. ಮಾಟಕ್ಕೆ ಹೆದರದ ನಾನು ಈ ಜನಕ್ಕೆ ಹೆದರಿದೆ.

"ನನಗೇನ್ ಗೊತ್ರಿ?" ಎಂದೆ. ಅಲ್ಲಿಗೆ ಬಾಯಿ ಮುಚ್ಚಿದ್ದರೆ ಸಾಕಿತ್ತು. ಮುಚ್ಚಲಿಲ್ಲ. "ಎಲ್ಲಾರಕಿಂತ ಮೊದ್ಲ ಓಣ್ಯಾಗ ಬರಾಕಿ ಹಾಲಿನ ಮಾವಶಿ. ಐದೂವರೆಗೆ ಬಂದಿದ್ಲು. ಬಾಗ್ಲ ಬಾಗ್ಲಿಗೆ ಆಕೀನ ಹೋಗ್ತಾಳಲ್ಲ."

ನಾನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಆದರೆ ಅದನ್ನು ಯಾಕೆ ಹೇಳಿದೆ ಎಂಬುದು ನನಗೆ ಹೇಳುವಾಗಲೇ ಗೊತ್ತಿತ್ತು. ಎಲ್ಲರ ಕಣ್ಣು ನನ್ನ ಮೇಲಿನಿಂದ ಎದ್ದು ಹೋಗಲಿ ಎಂದು ಹೇಳಿದೆ. ಹೋದವು.

ಮಾವಶಿ ಮೇಲಿನ ಓಣಿಗೆ ಹಾಲು ಹಾಕಿ ಅದೇ ದಾರಿಯಲ್ಲಿ ವಾಪಸ್ ಬರುತ್ತಿದ್ದಳು. ಅವಳನ್ನು ತಡೆದು ನಿಲ್ಲಿಸಿದರು. ಕೈಚೀಲ ಕಸಿದು ರಸ್ತೆಗೆ ಸುರಿದರು. ಎಲೆ ಅಡಿಕೆ, ಬಸ್ಸಿನ ಪಾಸು, ಒಂದು ರೊಟ್ಟಿ, ಅದರ ಜೊತೆ ಕೆಂಪು ಪಟ್ಟಿಯ ಒಂದು ನಿಂಬೆಹಣ್ಣು ಉರುಳಿ ಬಂತು.

ದಿನಾ ಅವಳ ಹಾಲಿನಲ್ಲಿ ಚಹಾ ಕುಡಿದವರು ಅವಳ ಕೂದಲು ಹಿಡಿದು ಎಳೆದರು. ಉಳಿದ ಹಾಲನ್ನು ಗಟಾರಕ್ಕೆ ಸುರಿದು ಕ್ಯಾನನ್ನು ಒದ್ದರು. ಒಬ್ಬಾಕೆ ಚಪ್ಪಲಿ ಬಿಚ್ಚಿದಳು. "ಎಲ್ಲಾರಕಿಂತ ಮೊದ್ಲ ಬಂದಾಕಿ ನೀನ ಅಂತ ಅಕ್ಕಾರ ಹೇಳ್ಯಾರ. ಯಾಕಿಟ್ಟಿ ಹೇಳ, ಯಾರ್ ಇಡಸ್ಯಾರ ಹೇಳ" ಎಂದು ಕೇಳಿದರು. ಅವಳು ಒಂದು ಸಲ ನನ್ನ ಕಡೆ ನೋಡಿದಳು, ಆಮೇಲೆ ನನ್ನ ಹಿಂದೆ ನಮ್ಮ ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಮಗಳು ಎದ್ದು ಬಂದು ನಿಂತಿದ್ದಳು. ಮಾವಶಿ ಬಾಯಿ ಬಿಡಲಿಲ್ಲ. ಪೊಲೀಸರು ಬಂದು ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ನಾನು ಮಗಳನ್ನು ಒಳಗೆ ಕಳಿಸಿ, ಬಸ್ಸು ಹಿಡಿದು, ಬೆಳಗಾವಿಗೆ ಹೋಗಿ ಒಂಬತ್ತನೆಯ ತರಗತಿಗೆ ಬೆಳಕಿನ ಪಾಠ ಮಾಡಿದೆ. ಇದೂ ಖರೆ.

ಮರುದಿನ ಹತ್ತು ಗಂಟೆಗೆ ಓಣಿಗೆ ಒಂದು ಟೆಂಪೋ ಬಂತು, ಅದರ ಮೇಲೆ ಧ್ವನಿವರ್ಧಕ. ನಿಂಬೆಹಣ್ಣಿನಂತೆ ಹಳದಿ ಉಡುಪು ತೊಟ್ಟ ಇಬ್ಬರು ಇಳಿದು ಕುಣಿದರು. ಪಾತ್ರೆ ತೊಳೆಯುವ ಹೊಸ ಪುಡಿ, ನಿಂಬೆಯ ಶಕ್ತಿ, ನಿನ್ನೆ ಹೇಳಿದಂತೆ ಇವತ್ತು ನಿಮ್ಮ ಮನೆಗೆ ಬಂದಿದ್ದೇವೆ, ಮನೆಗೊಂದು ಪಾಕೀಟು ಪುಕ್ಕಟೆ. ಪರವೂರಿನಲ್ಲಿ ಕುಳಿತು ಈ ಆಟ ಹೂಡಿದವರು ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ನೋಡಿರಲಿಲ್ಲ, ಅಷ್ಟೇ. ಅಂದು ರವಿವಾರ, ನಾನು ಮನೆಯಲ್ಲಿದ್ದೆ. ಹೋಗಿ ಕಟ್ಟೆಯ ಮೇಲೆ ಕುಳಿತೆ. ಓಣಿಯಲ್ಲಿ ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಚಪ್ಪಲಿ ಹಿಡಿದಿದ್ದ ಕೈ ಎರಡು ಪಾಕೀಟು ಇಸಿದುಕೊಂಡಿತು.

"ಮಾವಶಿಗೆ ಏನ್ ಹೇಳೂದ್ರಿ ಈಗ?" ಎಂದು ಕಂಡಕ್ಟರರನ್ನು ಕೇಳಿದೆ.

ಅವರು ಪಾಕೀಟನ್ನು ಮೂಸಿ ನೋಡುತ್ತ ಅಂದರು, "ಅದ ಖರೆ ಬಿಡ್ರಿ. ಆದ್ರ ಆಕಿ ಚೀಲದಾಗ ಒಂದು ಹೆಂಗ ಬಂತು?"

ಆ ಪ್ರಶ್ನೆ ನನ್ನನ್ನೂ ಬಿಡಲಿಲ್ಲ. ಸಾಯಂಕಾಲ ಹೊಳೆಯಾಚೆ ಹೋದರೆ ಗುಡಿಸಲು ಖಾಲಿ. ಪೊಲೀಸರು ಹಿಡಿದ ದಿನವೇ ಮಧ್ಯಾಹ್ನ ಬಿಟ್ಟಿದ್ದರು, ಅವಳು ಎಮ್ಮೆಗಳನ್ನು ಹೊಡೆದುಕೊಂಡು ಕಣಕುಂಬಿ ಕಡೆ ಅಣ್ಣನ ಮನೆಗೆ ಹೋದಳು ಎಂದು ಪಕ್ಕದ ಗುಡಿಸಲಿನವರು ಹೇಳಿದರು. ಮುಂದಿನ ತಿಂಗಳು ಮಗಳ ಹೆರಿಗೆ ಆಯಿತು, ಹೆಣ್ಣು ಕೂಸು. ಹೆರಿಗೆಯ ನೆಪ ಸಿಕ್ಕಿದ್ದು ನನಗೆ ಒಳಗೊಳಗೆ ಅನುಕೂಲವೇ ಆಯಿತು, ಮಾವಶಿಯನ್ನು ಹುಡುಕಿಕೊಂಡು ಹೋಗುವುದನ್ನು ಮುಂದೆ ಹಾಕಿದೆ.

ಒಂದೂವರೆ ತಿಂಗಳ ಮೇಲೆ ಬೆಳಗಾವಿಯ ರವಿವಾರ ಪೇಟೆಯಲ್ಲಿ ಬಾಣಂತಿಗೆ ಒಣಕೊಬ್ಬರಿ ಕೊಳ್ಳುವಾಗ ಅದೇ ಪುಡಿಯ ಮೂಟೆಗಳು ಒಂದು ಅಂಗಡಿಯ ಮುಂದೆ ಕಂಡವು. ಒಳಗೆ ಹೋಗಿ ಜಗಳ ತೆಗೆದೆ. ಅಂಗಡಿಯವರು ಆ ಪುಡಿಗೆ ಈ ಭಾಗದ ಏಜೆಂಟರು, ಬಲು ಮರ್ಯಾದಸ್ಥರು.

"ಕುಂದರ್ರಿ ಬಾಯಾರ. ಆದದ್ದು ಕೆಟ್ಟನ ಆತು, ಒಪ್ತೀನಿ. ಆದ್ರ ಖಾನಾಪುರದಾಗ ನಮ್ಮ ಪುಡಿ ಹೆಸರು ಗೊತ್ತಿಲ್ಲದವರ ಇಲ್ಲ ನೋಡ್ರಿ ಈಗ. ಮಾಲು ಚಲೋ ಹೊಂಟೈತಿ."

"ನಮ್ಮ ಒಂದ ಮನಿ ಯಾಕ ಬಿಟ್ರಿ?" ಎಂದು ಮಾತ್ರ ಕೇಳಿದೆ.

"ಒಂದೂ ಬಿಟ್ಟಿಲ್ರಿ. ಮನಿ ಮನಿಗೆ ಇಟ್ಟೀವಿ ಅಂತ ಕಂಪನಿಗೆ ಫೋಟೋ ಕಳಸಬೇಕಲ್ಲ" ಎನ್ನುತ್ತ ಅವರು ಫೋನು ತೆಗೆದು ಒಂದೊಂದೇ ಬಾಗಿಲು ಸರಿಸಿ ತೋರಿಸಿದರು. ಕಂಡಕ್ಟರರ ಬಾಗಿಲು ಹೋಯಿತು. ಆಮೇಲೆ ನಮ್ಮ ಹಸಿರು ಬಾಗಿಲು ಬಂತು. ಹೊಸ್ತಿಲ ಕೆಳಗೆ ಮಗಳ ಚಪ್ಪಲಿ, ಹೊಸ್ತಿಲ ಮೇಲೆ ಕೆಂಪು ಪಟ್ಟಿಯ ನಿಂಬೆಹಣ್ಣು.

ಕೊಬ್ಬರಿಯ ಚೀಲ ಅಲ್ಲೇ ಬಿಟ್ಟು ಬಂದೆ ಎಂದು ಬಸ್ಸಿನಲ್ಲಿ ಕುಳಿತ ಮೇಲೆ ನೆನಪಾಯಿತು.

ಮರುದಿನ ರಜೆ ಹಾಕಿ ಕಣಕುಂಬಿಯ ಬಸ್ಸು ಹತ್ತಿದೆ. ಅಣ್ಣನ ಮನೆ ರಸ್ತೆಯಿಂದ ಎರಡು ಮೈಲಿ ಕಾಡಿನೊಳಗೆ. ಅಲ್ಲಿ ಎಲ್ಲರ ಮನೆಯಲ್ಲೂ ಎಮ್ಮೆ, ಹಾಲು ಕೊಳ್ಳುವವರು ಯಾರೂ ಇಲ್ಲ. ಮಾವಶಿ ಅಂಗಳದಲ್ಲಿ ಸಗಣಿ ತಟ್ಟುತ್ತಿದ್ದಳು. ಒಂದೂವರೆ ತಿಂಗಳಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು. ನನ್ನನ್ನು ನೋಡಿ ಕೈ ತೊಳೆದು ಬಂದು ಕಂಬಳಿ ಹಾಸಿದಳು.

"ಬರ್ರಿ ಅಕ್ಕಾರ. ಮಗಳು ಹಡದ್ಲೇನ್ರಿ?"

"ಹಡದ್ಲು ಮಾವಶಿ. ಹೆಣ್ಣು. ಇಬ್ರೂ ಆರಾಮ ಅದಾರ."

ಅವಳು ಎರಡೂ ಕೈ ಎತ್ತಿ ಮುಗಿದಳು. ನಾನು ಸುತ್ತಿ ಬಳಸದೆ ಕೇಳಿದೆ, "ನಮ್ಮ ಬಾಗ್ಲಾನ ನಿಂಬಿಹಣ್ಣು ನೀ ಯಾಕ ತಗದಿ?"

"ಎರಡ ಜೀವದಾಕಿ ದಾಟೂ ಹೊಸ್ತಲ ಅದು. ನಂದೇನ್ ವಯಸ್ಸಾತು, ನನಗ ಹತ್ಲಿ ಅಂತ ತಗದ್ನಿ. ಹೊಳ್ಯಾಗ ಬಿಡೂಣು ಅಂತ ಚೀಲದಾಗ ಇಟ್ಕೊಂಡಿದ್ನಿ."

"ಅಷ್ಟ ಮಂದಿ ಬಡಿಯೂ ಮುಂದ ಯಾಕ ಹೇಳಲಿಲ್ಲ?"

"ಆಕಿ ಬಾಗ್ಲಾಗ ನಿಂತಿದ್ಲಲ್ರಿ. ಕೇಳಿದ್ರ ಅಂಜತಿದ್ಲು. ಅಂಥಾ ಹೊತ್ತಿನ್ಯಾಗ ಅಂಜಬಾರ್ದು."

ನನಗೆ ಅಳು ತಡೆಯಲಾಗಲಿಲ್ಲ. ಅದು ಪಾತ್ರೆ ತೊಳೆಯುವ ಪುಡಿಯ ಜಾಹೀರಾತು, ಮಾಟ ಅಲ್ಲ, ಮಣ್ಣಲ್ಲ ಎಂದು ಹೇಳಿದೆ. ಅವಳು ತಲೆಯಾಡಿಸಿ ಕೇಳಿದಳು, ನಂಬಲಿಲ್ಲ. ಹೇಗೆ ನಂಬಿಯಾಳು? ಅವಳ ಲೆಕ್ಕದಲ್ಲಿ ನಮ್ಮ ಮನೆಗೆ ಬರಬೇಕಾದ ಪೀಡೆ ಅವಳಿಗೆ ಬಂದಿತ್ತು, ನಮ್ಮ ಕೂಸು ಆರಾಮಾಗಿತ್ತು. ಕೊನೆಗೆ ಹೇಳಿಬಿಟ್ಟೆ.

"ಮಾವಶಿ, ಅವತ್ತ ಎಲ್ಲಾರಿಗೂ ನಿನ್ನ ಮ್ಯಾಲೆ ಸಂಶೆ ಬರೂ ಹಂಗ ಮಾತಾಡಿದಾಕಿ ನಾನ."

"ಗೊತ್ತೈತ್ರಿ" ಎಂದಳು. ಸೆರಗಿನಿಂದ ನನ್ನ ಮುಖ ಒರೆಸಿದಳು. "ನಿಮ್ಮ ಬಾಯಿಲೆ ಅಂಥಾ ಮಾತ ಬರಾಂಗಿಲ್ಲ ಅಕ್ಕಾರ. ಆ ನಿಂಬಿಹಣ್ಣ ನಿಮ್ಮ ಕಡಿಂದ ಹಂಗ ಅನಿಸೇತಿ."

ಮಾಟ ಮಂತ್ರ ಸುಳ್ಳು ಎಂದು ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದ ನಾನು, ಆ ಅಂಗಳದಲ್ಲಿ ಕುಳಿತು, ಇದೊಂದು ಸಲ ಅದು ಖರೆ ಇರಲಿ ಎಂದು ಬೇಡಿಕೊಂಡೆ.