ನಾನು ತಿರುವಿ ಬರೆದ ಎರಡು ಅಂಕಿ

ರತ್ನಾ, ತಪ್ಪು ನಿನ್ನ ಲೆಕ್ಕದಲ್ಲಿರಲಿಲ್ಲ. ನಾನು ಬರೆದುಕೊಟ್ಟ ಚೀಟಿಯಲ್ಲಿತ್ತು. ಅದು ಗೊತ್ತಾದ ಮೇಲೂ ನಾನು ಬಾಯಿ ಬಿಡಲಿಲ್ಲ — ಏಳು ವರ್ಷ.

ಹೊಸೂರಿನ ಆ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಮೇಷ್ಟ್ರು, ನೀನು ಜವಳಗಿರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಎಂ.ಎಸ್ಸಿ. ವಿದ್ಯಾರ್ಥಿನಿ. ಒಂದು ಅಣುವಿನೊಳಗೆ ಮೂರು ಪರಮಾಣುಗಳು ಪುಟ್ಟ ಅಯಸ್ಕಾಂತಗಳಂತೆ ಒಂದನ್ನೊಂದು ಎಳೆದಾಡುತ್ತವಲ್ಲ, ಅವನ್ನು ಅಳೆದರೆ ಏನು ಸಿಗುತ್ತದೆಂದು ಮೊದಲೇ ಹೇಳುವುದು ನಿನ್ನ ಪ್ರಾಜೆಕ್ಟು. ಇಂಥ ಲೆಕ್ಕಕ್ಕೆ ಹೇಳಿಮಾಡಿಸಿದ ಕ್ವಾಂಟಂ ಕಂಪ್ಯೂಟರ್ ನಮ್ಮ ಬಳಿ ಎಲ್ಲಿತ್ತು? ಅದು ಮಾಡಬೇಕಾದ ಲೆಕ್ಕದ ಒಂದೊಂದು ಹೆಜ್ಜೆಯನ್ನೂ ನೀನು ಲ್ಯಾಬಿನ ಹಳೇ ಕಂಪ್ಯೂಟರಿನಲ್ಲೇ ನಡೆಸಿದೆ. ಹೋಲಿಸಿ ನೋಡಲು ಬೆಂಗಳೂರಿನ ಪ್ರಯೋಗಾಲಯದವರು ನಿಜವಾದ ಅಳತೆಗಳನ್ನು ಕಳಿಸಿದ್ದರು. ಅವರ ಕಾಗದ ನೋಡಿ, ಪರಮಾಣುಗಳ ನಡುವಿನ ಎಳೆತ ಎಷ್ಟೆಂದು ನಿನಗೆ ಬರೆದುಕೊಟ್ಟವನು ನಾನೇ.

ಗ್ರಾಫಿನಲ್ಲಿ ನಿನ್ನ ಲೆಕ್ಕದ ಗೆರೆ ಅವರ ಅಳತೆಗೆ ಹೊಂದಲಿಲ್ಲ. ಮತ್ತೆ ಮಾಡು ಎಂದೆ. ನೀನು ಮತ್ತೆ ಮಾಡಿದೆ, ಅದೇ ಬಂತು. ಹೀಗೆ ಹನ್ನೊಂದು ಸಲ. ನಿನ್ನನ್ನು ಕಂಡರೆ ನನಗೆ ರೇಗುತ್ತಿತ್ತು — ತಪ್ಪು ತನ್ನದೆಂದು ಸುಮ್ಮನೆ ಒಪ್ಪಿಕೊಂಡು ಹೋಗಬಾರದೇ ಈ ಹುಡುಗಿ?

"ಸಾರ್, ನನ್ ಲೆಕ್ಕದಾಗೆ ಏನೂ ಸಿಕ್ತಿಲ್ಲ. ಅವರ ಕಾಗ್ದ ಒಂದ್ಸಲ ನೋಡ್ತೀರಾ?" ಎಂದು ಕೇಳಿದೆ ನೀನು.

"ಎಷ್ಟ್ ಸಲ ಹೇಳ್ಬೇಕಮ್ಮ? ತಪ್ಪು ನಿಂದೇ. ಹಂಗೇ ಬರೆದು ಕೊಡು" ಎಂದೆ.

ನೀನು ಹೋದ ಮೇಲೆ, ನಿನ್ನ ಬಾಯಿ ಮುಚ್ಚಿಸಲೆಂದೇ ಆ ಕಾಗದ ತೆಗೆದೆ. ಅದರಲ್ಲಿ ನಲವತ್ತೆಂಟು ಎಂದಿತ್ತು. ನಾನು ಎಂಬತ್ತನಾಲ್ಕು ಎಂದು ಬರೆದುಕೊಟ್ಟಿದ್ದೆ. ಆಗಲೇ ಬಸ್ ಸ್ಟ್ಯಾಂಡಿಗೆ ಓಡಿದ್ದರೆ ನೀನು ಸಿಗುತ್ತಿದ್ದೆ. ಓಡಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ... ಮರುದಿನ ನೀನು, ತಪ್ಪು ನಿನ್ನದೇ ಎಂದು ಬರೆದ ವರದಿ ತಂದಿಟ್ಟೆ. ನಾನು ಸಹಿ ಹಾಕಿದೆ.

ಬೆಂಗಳೂರಿನಲ್ಲಿ ಸಂಶೋಧನೆಗೆ ಸೇರಲು ಹೋದಾಗ, ವರದಿಯ ಅದೊಂದು ಪುಟ ಹಿಡಿದುಕೊಂಡೇ ನಿನ್ನನ್ನು ಕೈಬಿಟ್ಟರು. ನೀನು ಇಲ್ಲೇ ಒಂದು ಕಾರ್ಖಾನೆಯಲ್ಲಿ ಬಿಡಿಭಾಗ ಪರೀಕ್ಷಿಸುವ ಕೆಲಸಕ್ಕೆ ಸೇರಿದೆ.

ಹೋದ ತಿಂಗಳು ಶಿಫ್ಟ್ ಬಸ್ಸಿಗೆ ಕಾಯುತ್ತಾ ನಿಂತಿದ್ದೆಯಲ್ಲ, ನನ್ನನ್ನು ನೀನೇ ಕರೆದು ಮಾತಾಡಿಸಿದೆ. "ಆ ತಪ್ಪು ಎಲ್ಲಿತ್ತೋ, ಇವತ್ತಿಗೂ ಹುಡುಕ್ತಾನೇ ಇದೀನಿ ಸಾರ್" ಎಂದೆ. ನಾನು — ಆಗಲೂ — ಹಳೇದು ಬಿಡಮ್ಮ ಎಂದು ಜಾರಿಕೊಂಡೆ. ಥೂ, ಎಂಥ ಮನುಷ್ಯ ನಾನು.

ಮೊನ್ನೆ ಸರಿಯಾದ ಅಂಕಿ ಹಾಕಿ ನಿನ್ನ ಲೆಕ್ಕವನ್ನು ನಾನೇ ನಡೆಸಿದೆ. ಅಳತೆಯ ಒಂದೊಂದು ಚುಕ್ಕಿಯ ಮೇಲೂ ನಿನ್ನ ಗೆರೆ ಹಾದುಹೋಯಿತು. ನಡೆದದ್ದನ್ನೆಲ್ಲ ಬರೆದು ವಿಶ್ವವಿದ್ಯಾಲಯಕ್ಕೂ ನಿನ್ನನ್ನು ಬೇಡವೆಂದವರಿಗೂ ಕಳಿಸಿದ್ದೇನೆ. ಈ ಪತ್ರವನ್ನು ಮಾತ್ರ ಅಂಚೆಗೆ ಹಾಕುವುದಿಲ್ಲ. ಭಾನುವಾರ ಜವಳಗಿರಿಗೆ ಬಂದು, ನಿನ್ನ ಮನೆಯವರ ಎದುರಿಗೇ ಓದುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.