ಕರೆದವನೋ, ಬಂದವನೋ

ವಾರಕ್ಕೆ ಆರು ದಿನ ಶಾಲೆಯಲ್ಲಿ ಗಂಟಲು ಹರಿದುಕೊಂಡು, ಏಳನೆಯ ದಿನವೂ ಗಡಿಯೂರು ಮತ್ತಿಗಿರಿಯ ನಮ್ಮ ಮಹಡಿ ಮನೆಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಬರುವವರೆಲ್ಲ ಕಾರ್ಖಾನೆಯವರು. ಒಂದೇ ಪಾಠವನ್ನು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬಿಡಿಸಿ ಹೇಳುವಷ್ಟರಲ್ಲಿ ನನ್ನ ಜೀವ ಅರ್ಧವಾಗಿರುತ್ತದೆ. ‘ನನಗೆ ಗೊತ್ತಿಲ್ಲ’ ಎಂದು ಮಾತ್ರ ಮೂರರಲ್ಲಿ ಒಂದರಲ್ಲೂ ಹೇಳಿದವಳಾಗಿರಲಿಲ್ಲ. ಟೀಚರುಗಳು ನಾವು ಬೆಳೆದದ್ದೇ ಹಾಗೆ.

ಹೋದ ವರ್ಷ ಅಂಚೆಟ್ಟಿ ಕಡೆಯ ಹೆಂಗಸೊಬ್ಬಳು ಬರುತ್ತಿದ್ದಳು. ಪ್ಯಾಕಿಂಗಿನಲ್ಲಿ ಹತ್ತು ವರ್ಷ ನಿಂತೇ ದುಡಿದು ಮಂಡಿ ಸವೆಸಿಕೊಂಡವಳು. ಕಾರ್ಖಾನೆಯವರ ಇಂಗ್ಲಿಷ್ ಪರೀಕ್ಷೆ ಪಾಸಾದರೆ ಕೂತು ಮಾಡುವ ಚೆಕಿಂಗ್ ಕೆಲಸ ಸಿಗುತ್ತಿತ್ತು. ಅವಳಿಗಿದ್ದದ್ದು ಅದೊಂದೇ ಆಸೆ.

ಒಂದು ಭಾನುವಾರ ಹಳೆಯ ಪ್ರಶ್ನೆಪತ್ರಿಕೆಯ ವಾಕ್ಯವೊಂದರ ಮೇಲೆ ಬೆರಳಿಟ್ಟಳು: ‘ದ ಸೂಪರ್‌ವೈಸರ್ ಕಾಲ್ಡ್ ದ ವರ್ಕರ್ ಟು ಚೆಕ್ ದ ಮೆಷಿನ್.’ ಮೆಷಿನ್ ನೋಡುವವರು ಯಾರು ಎಂಬುದು ಪ್ರಶ್ನೆ.

“ಈ ‘ಟು ಚೆಕ್’ ಅನ್ನೋದು ಯಾರಿಗೆ ಸೇರ್ತದೆ ಮಿಸ್? ಕರೆದೋನಿಗಾ, ಬಂದೋನಿಗಾ? ನಮ್ ಲೈನ್ನಾಗೆ ಎಲ್ಡೂ ಆಯ್ತದೆ. ಒಂದೊಂದ್ಸಲ ನಮ್ ಕೈಲಿ ಟಾರ್ಚ್ ಹಿಡಿಸ್ಕಂಡು ಅವ್ನೇ ನೋಡ್ತಾನೆ.”

ನಾನು ಎರಡು ಸಲ ಓದಿದೆ. ಹಾಗೂ ಆಗುತ್ತಿತ್ತು, ಹೀಗೂ ಆಗುತ್ತಿತ್ತು. ಎದುರಿಗೆ ಇನ್ನೂ ಎಂಟು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನಗೆ ರೇಗಿತು.

“ಇಷ್ಟೂ ಗೊತ್ತಾಗಲ್ವಾ? ಮನೇಲಿ ನಾಲ್ಕು ಸಲ ಓದು, ತಾನೇ ತಿಳಿಯುತ್ತೆ. ಸುಮ್ನೆ ತಲೆ ತಿನ್ಬೇಡ.”

“ಸರಿ ಮಿಸ್,” ಎಂದು ಅವಳು ಪುಸ್ತಕ ಮಡಚಿದಳು. ಆಮೇಲೆ ಏನನ್ನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಅದು ಆರಾಮವೇ ಆಯಿತು.

ಫಲಿತಾಂಶ ಬಂದ ವಾರ ಅವಳು ಬಂದಾಗ ಮುಖ ನೋಡಿಯೇ ತಿಳಿಯಿತು. ಫೇಲಾಗಿದ್ದಳು. ಪರೀಕ್ಷೆಯಲ್ಲಿ ಅದೇ ವಾಕ್ಯ ಮೊದಲ ಪುಟದಲ್ಲೇ ಬಂದಿತ್ತಂತೆ.

“ಅದ್ರ ಮುಂದೇನೇ ಕುಂತ್ಬುಟ್ಟೆ ಮಿಸ್. ಪುಟ ತಿರುವಾಕೋ ಹೊತ್ಗೆ ಬೆಲ್ ಹೊಡೆದ್ರು. ಈಗ್ಲಾದ್ರೂ ಯೋಳಿ, ಯಾವ್ದು ಸರಿ?”

ಸುಳ್ಳು ಹೇಳಲೂ ನನ್ನಲ್ಲಿ ತ್ರಾಣವಿರಲಿಲ್ಲ.

“ನಂಗೂ ಗೊತ್ತಿಲ್ಲಮ್ಮ. ಅವತ್ತೂ ಗೊತ್ತಿರ್ಲಿಲ್ಲ.”

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಂಡಳು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ.

“ಅದ್ನ ಅವತ್ತೇ ಯೋಳ್ಬಾರ್ದಾಗಿತ್ತಾ ಮಿಸ್,” ಅಂದಳು. “ನಂಗೊಬ್ಳಿಗೇ ತಿಳೀತಿಲ್ಲ ಅಂದ್ಕಂಡು ಅಲ್ಲೇ ಉಳ್ಕಂಡೆ. ನಿಮ್ಗೂ ತಿಳೀದು ಅಂದಿದ್ರೆ, ಬುಟ್ಟು ಮುಂದಕ್ಕೋಗ್ತಿದ್ದೆ.”